ಪಾಲಿಕೆಯನ್ನು ಪಾಲು ಮಾಡುವ ಮುನ್ನ

2024ರ ಸೆಪ್ಟೆಂಬರ್‌ನಲ್ಲಿ ಮಹಾರಾಷ್ಟ್ರ ಸರ್ಕಾರ ಪುಣೆ ಮಹಾನಗರ ಪಾಲಿಕೆಯಿಂದ ಫುರಸುಂಗಿ ಮತ್ತು ಉರುಳಿ ದೇವಾಚಿ ಎಂಬ ಎರಡು ಊರುಗಳನ್ನು ಹೊರತೆಗೆದು, ಅವುಗಳಿಗೇ ಒಂದು ನಗರ ಪರಿಷತ್ತು ಮಾಡಿಕೊಟ್ಟಿತು. 2025ರ ಜನವರಿಯಲ್ಲಿ ಕರ್ನಾಟಕದ ಸಚಿವ ಸಂಪುಟ ಹುಬ್ಬಳ್ಳಿ-ಧಾರವಾಡ ಮಹಾನಗರ ಪಾಲಿಕೆಯನ್ನು ಒಡೆದು ಧಾರವಾಡಕ್ಕೆ ಬೇರೆ ಪಾಲಿಕೆ ಕೊಡಲು ಒಪ್ಪಿತು. ಅದೇ ವರ್ಷ ಸೆಪ್ಟೆಂಬರ್ 2ರಂದು ಬೆಂಗಳೂರಿನಲ್ಲಿ ಒಂದು ಪಾಲಿಕೆ ಇದ್ದ ಜಾಗಕ್ಕೆ ಐದು ಬಂದವು. ಒಂದೇ ವರ್ಷದ ಅವಧಿಯಲ್ಲಿ ಮೂರು ಕಡೆ ಪಾಲು. ಮೂರರಲ್ಲೂ ಕೇಳಿಬಂದ ಮಾತು ಒಂದೇ: ಆಡಳಿತ ಜನರ ಹತ್ತಿರ ಬರಬೇಕು.

ಈ ಮಾತನ್ನು ತಳ್ಳಿಹಾಕಲು ನಾನು ಬರೆಯುತ್ತಿಲ್ಲ. ಧಾರವಾಡದವರ ಬೇಡಿಕೆ ನ್ಯಾಯವಾದದ್ದು, ಫುರಸುಂಗಿಯವರದ್ದೂ ಹಾಗೆಯೇ. ಆದರೆ ಪಾಲಿಕೆಯೊಂದನ್ನು ಒಡೆಯುವಾಗ ನಕ್ಷೆಯ ಮೇಲೆ ಗೆರೆ ಎಳೆಯುವುದು ಎಲ್ಲಕ್ಕಿಂತ ಸುಲಭದ ಕೆಲಸ. ದುಡ್ಡು ಯಾರಿಗೆ, ಸಾಲ ಯಾರಿಗೆ, ನೌಕರರು ಯಾರಿಗೆ, ನೀರಿನ ಕೊಳವೆ ಯಾರದ್ದು, ಚುನಾವಣೆ ಯಾವಾಗ ಎಂಬ ಪ್ರಶ್ನೆಗಳಿಗೆ ಉತ್ತರ ಸಿಗುವ ಮೊದಲೇ ಗೆರೆ ಎಳೆದುಬಿಟ್ಟರೆ, ಬೇರೆಯಾಗಲು ಹೋರಾಡಿದವರೇ ಹೆಚ್ಚು ಕಳೆದುಕೊಳ್ಳುತ್ತಾರೆ. ಇದಕ್ಕೆ ನಮ್ಮ ಕಣ್ಣೆದುರೇ ನಡೆದ ಹತ್ತು ವರ್ಷಗಳ ಸಾಕ್ಷಿ ಇದೆ. ಅದು ದೆಹಲಿಯದು.

ಅಲ್ಲಿಗೆ ಹೋಗುವ ಮೊದಲು ಒಂದು ಮಾತು. 'ಪಾಲಿಕೆ' ಮತ್ತು 'ಪಾಲು' ಕಿವಿಗೆ ಒಂದೇ ಬೇರಿನ ಪದಗಳಂತೆ ಕೇಳಿಸುತ್ತವೆ. ಆದರೆ ಅವುಗಳಿಗೆ ನಂಟಿಲ್ಲ. ಪಾಲಿಕೆಯ ಮೂಲ ಸಂಸ್ಕೃತದ ಪಾಲನೆ, ಕಾಪಾಡುವುದು. ಪಾಲು ದ್ರಾವಿಡ ಪದ, ಭಾಗ ಎಂಬ ಅರ್ಥದ್ದು. ನಂಟಿಲ್ಲದ ಈ ಎರಡು ಪದಗಳು ಈಗ ಒಂದೇ ವಾಕ್ಯದಲ್ಲಿ ಕೂತಿವೆ. ಪಾಲು ಎಂದರೇನೆಂದು ನಮ್ಮ ಊರುಗಳಿಗೆ ಚೆನ್ನಾಗಿ ಗೊತ್ತು. ಬೆಳಗಾವಿ-ಧಾರವಾಡದ ಕಡೆ ಮರಾಠಿಯಿಂದ ಬಂದ ಮಾತಿನಲ್ಲಿ ಅದಕ್ಕೆ ವಾಟ್ನಿ ಎನ್ನುತ್ತಾರೆ. ಅಣ್ಣತಮ್ಮಂದಿರು ವಾಟ್ನಿಗೆ ಕೂತಾಗ ಹಿರಿಯರು ಹೊಲ, ಮನೆ, ದನ ಮಾತ್ರ ಲೆಕ್ಕ ಹಾಕುವುದಿಲ್ಲ. ಸೊಸೈಟಿಯ ಸಾಲ ಎಷ್ಟು, ಬಾವಿಯ ನೀರು ಯಾರು ಯಾವ ದಿನ ಬಿಡಬೇಕು, ವಯಸ್ಸಾದ ತಾಯಿ ಯಾರ ಮನೆಯಲ್ಲಿ, ತಂಗಿಯ ಮದುವೆಯ ಖರ್ಚು ಯಾರ ಹೆಗಲಿಗೆ, ಎಲ್ಲವೂ ಕಾಗದದ ಮೇಲೆ ಬರಬೇಕು. ಅಡುಗೆಮನೆಯ ನಡುವೆ ಗೋಡೆ ಎಬ್ಬಿಸುವುದು ಕೊನೆಗೆ. ನಮ್ಮ ಸರ್ಕಾರಗಳು ಪಾಲಿಕೆಯ ವಿಷಯದಲ್ಲಿ ಮೊದಲು ಗೋಡೆ ಎಬ್ಬಿಸಿ, ಕಾಗದವನ್ನು ಆಮೇಲೆ ನೋಡಿಕೊಂಡರಾಯಿತು ಎನ್ನುತ್ತಿವೆ.

ದೆಹಲಿಯ ಹತ್ತು ವರ್ಷ

ದೆಹಲಿ ಮಹಾನಗರ ಪಾಲಿಕೆ 1958ರಲ್ಲಿ ಶುರುವಾಯಿತು. ಲುಟ್ಯೆನ್ಸ್ ದೆಹಲಿ ಮತ್ತು ದಂಡು ಪ್ರದೇಶಗಳಿಗೆ ಬೇರೆ ವ್ಯವಸ್ಥೆ ಇದ್ದುದರಿಂದ ಅವನ್ನು ಬಿಟ್ಟರೆ ಉಳಿದ ರಾಜಧಾನಿಯೆಲ್ಲ ಅದರ ಕೆಳಗಿತ್ತು. ಇಷ್ಟು ದೊಡ್ಡ ಸಂಸ್ಥೆ ಯಾರ ಮಾತನ್ನೂ ಕೇಳುವುದಿಲ್ಲ, ಒಡೆದರೆ ಚುರುಕಾಗುತ್ತದೆ ಎಂಬ ವಾದ ವರ್ಷಗಟ್ಟಲೆ ನಡೆಯಿತು. ಶೀಲಾ ದೀಕ್ಷಿತ್ ಮುಖ್ಯಮಂತ್ರಿಯಾಗಿದ್ದಾಗ, 2011ರಲ್ಲಿ, ದೆಹಲಿ ವಿಧಾನಸಭೆ ಕಾನೂನಿಗೆ ತಿದ್ದುಪಡಿ ತಂದಿತು. 2012ರ ಏಪ್ರಿಲ್‌ನಲ್ಲಿ ಮೂರು ಪಾಲಿಕೆಗಳಿಗೆ ಚುನಾವಣೆ ನಡೆಯಿತು. ಉತ್ತರಕ್ಕೆ 104 ವಾರ್ಡ್, ದಕ್ಷಿಣಕ್ಕೆ 104, ಪೂರ್ವಕ್ಕೆ 64. ಒಟ್ಟು 272.

ವಾರ್ಡ್‌ಗಳ ಲೆಕ್ಕದಲ್ಲಿ ನೋಡಿದರೆ ಅನ್ಯಾಯವೇನೂ ಕಾಣುವುದಿಲ್ಲ. ಅನ್ಯಾಯ ಇದ್ದದ್ದು ತೆರಿಗೆಯ ಲೆಕ್ಕದಲ್ಲಿ. ದೆಹಲಿಯಲ್ಲಿ ಆಸ್ತಿ ತೆರಿಗೆಗಾಗಿ ಬಡಾವಣೆಗಳನ್ನು 'ಎ'ಯಿಂದ 'ಎಚ್' ತನಕ ಎಂಟು ದರ್ಜೆ ಮಾಡಿದ್ದಾರೆ. ಸಿರಿವಂತರ ಬಡಾವಣೆ ಎ, ತೀರ ಬಡವರದು ಎಚ್. ಎ ಮತ್ತು ಬಿ ದರ್ಜೆಯ ಬಡಾವಣೆಗಳಲ್ಲಿ ಹೆಚ್ಚಿನವು ದಕ್ಷಿಣದಲ್ಲಿವೆ. ಯಮುನೆಯ ಆಚೆ ದಡದ ಪೂರ್ವ ದೆಹಲಿಯಲ್ಲಿ ಕೆಳದರ್ಜೆಯ, ಕಿಕ್ಕಿರಿದ, ಅನೇಕ ಕಡೆ ಅಧಿಕೃತವೇ ಅಲ್ಲದ ಬಡಾವಣೆಗಳು. ಕಸ ಮಾತ್ರ ಬಡವರ ಓಣಿಯಲ್ಲೂ ಬೀಳುತ್ತದೆ. ಗುಡಿಸುವವರ ಸಂಬಳ ದಕ್ಷಿಣದಲ್ಲಿ ಎಷ್ಟೋ ಪೂರ್ವದಲ್ಲೂ ಅಷ್ಟೇ. ಒಂದೇ ಪಾಲಿಕೆ ಇದ್ದಾಗ ದಕ್ಷಿಣದ ಬಂಗಲೆಯ ತೆರಿಗೆಯಿಂದ ಪೂರ್ವದ ಪೌರಕಾರ್ಮಿಕರ ಸಂಬಳ ಆಗುತ್ತಿತ್ತು. ಯಾರೂ ಅದನ್ನು ನೆರವು ಎಂದು ಕರೆಯುತ್ತಿರಲಿಲ್ಲ. ಒಂದೇ ಖಾತೆ, ಒಂದೇ ಗಲ್ಲಾಪೆಟ್ಟಿಗೆ. ಗೆರೆ ಎಳೆದ ದಿನ ಆ ಹರಿವು ನಿಂತಿತು.

ಉತ್ತರದ ಕಥೆ ಬೇರೆ. ಅದಕ್ಕೆ ಹಳೆಯ ಮನೆಯ ಆಸ್ತಿ ಬಂತು, ಜತೆಗೆ ಹಳೆಯ ಮನೆಯ ಹೊರೆಯೂ ಬಂತು. ಹಿಂದೂ ರಾವ್ ಆಸ್ಪತ್ರೆ, ಕಸ್ತೂರಬಾ ಆಸ್ಪತ್ರೆ, ರಾಜನ್ ಬಾಬು ಕ್ಷಯರೋಗ ಆಸ್ಪತ್ರೆ ಇವೆಲ್ಲ ಉತ್ತರದ ಎಲ್ಲೆಯೊಳಗೆ ಬಿದ್ದವು. ರೋಗಿಗಳು ಊರಿಡೀ ಕಡೆಗಳಿಂದ ಬರುತ್ತಾರೆ, ಖರ್ಚು ಉತ್ತರದ ತಲೆಗೆ. ಮಿಂಟೊ ರಸ್ತೆಯ ಎತ್ತರದ ಸಿವಿಕ್ ಸೆಂಟರ್ ಕಟ್ಟಡ ಉತ್ತರದ ಪಾಲಿಗೆ ಬಂತು. ದಕ್ಷಿಣದ ಪಾಲಿಕೆಯೂ ಅದೇ ಕಟ್ಟಡದಲ್ಲಿ ಕಚೇರಿ ಇಟ್ಟುಕೊಂಡಿತ್ತು. ಬಾಡಿಗೆ ಬಾಕಿ ಎಷ್ಟು, ಕೊಡಬೇಕೇ ಬೇಡವೇ ಎಂಬ ಜಗಳ ವರ್ಷಗಟ್ಟಲೆ ಎಳೆಯಿತು. ನಿನ್ನೆಯ ತನಕ ಒಂದೇ ಸಂಸ್ಥೆಯಾಗಿದ್ದವರು ಇಂದು ಮಾಲೀಕ ಮತ್ತು ಬಾಡಿಗೆದಾರ. ಸರಿಸಮನಾಗಿ ಹಂಚಿಕೆಯಾದದ್ದೆಂದರೆ ಕಸದ ಗುಡ್ಡಗಳು ಮಾತ್ರ. ಪೂರ್ವಕ್ಕೆ ಗಾಜಿಪುರ, ಉತ್ತರಕ್ಕೆ ಭಲಸ್ವಾ, ದಕ್ಷಿಣಕ್ಕೆ ಓಖ್ಲಾ.

ಇದರ ಫಲ ಬೀದಿಯಲ್ಲಿ ಕಂಡಿತು. 2015ರ ಜೂನ್‌ನಲ್ಲಿ ಸಂಬಳ ಸಿಗದ ಪೂರ್ವ ದೆಹಲಿಯ ಪೌರಕಾರ್ಮಿಕರು ಕೆಲಸ ನಿಲ್ಲಿಸಿದರು, ರಸ್ತೆಗಳ ಮೇಲೆ ಕಸದ ರಾಶಿ ಬಿತ್ತು. 2016ರ ಆರಂಭದಲ್ಲಿ ಮತ್ತೆ, 2018ರಲ್ಲಿ ಇನ್ನೊಮ್ಮೆ. 2020ರಲ್ಲಿ ಕೊರೊನಾ ಹೊತ್ತಿನಲ್ಲಿ ಹಿಂದೂ ರಾವ್ ಆಸ್ಪತ್ರೆಯ ವೈದ್ಯರು ತಿಂಗಳುಗಟ್ಟಲೆ ಬಾಕಿ ಇದ್ದ ಸಂಬಳಕ್ಕಾಗಿ ಮುಷ್ಕರ ಹೂಡಿದರು. ಕಸ್ತೂರಬಾ ಆಸ್ಪತ್ರೆಯ ಕಿರಿಯ ವೈದ್ಯರು ರಾಜೀನಾಮೆ ಕೊಡುತ್ತೇವೆ ಎಂದರು.

ಇಲ್ಲಿ ನ್ಯಾಯವಾಗಿ ಇನ್ನೊಂದು ಮಾತನ್ನೂ ಸೇರಿಸಬೇಕು. ಎಲ್ಲಕ್ಕೂ ವಿಭಜನೆಯೇ ಕಾರಣವಲ್ಲ. ಮೂರೂ ಪಾಲಿಕೆಗಳು 2012ರಲ್ಲೂ 2017ರಲ್ಲೂ ಬಿಜೆಪಿಯ ಕೈಯಲ್ಲಿದ್ದವು, 2015ರಿಂದ ರಾಜ್ಯ ಸರ್ಕಾರ ಆಮ್ ಆದ್ಮಿ ಪಕ್ಷದ್ದು. ದುಡ್ಡು ಕೊಟ್ಟಿಲ್ಲ ಎಂದು ಇವರು, ಕೊಟ್ಟದ್ದನ್ನು ನುಂಗಿದ್ದಾರೆ ಎಂದು ಅವರು. ಆದರೆ ಗಮನಿಸಬೇಕಾದದ್ದು ಇದು: ರಾಜಕೀಯದ ಜಗಳ ಮೂರಕ್ಕೂ ಒಂದೇ ಇತ್ತು, ಏಟು ಮಾತ್ರ ಸಮನಾಗಿ ಬೀಳಲಿಲ್ಲ. ಸ್ವಂತ ಆದಾಯ ಗಟ್ಟಿಯಿದ್ದ ದಕ್ಷಿಣ ತಕ್ಕಮಟ್ಟಿಗೆ ತಡೆದುಕೊಂಡಿತು. ಪೂರ್ವ ಮತ್ತು ಉತ್ತರ ಮೊದಲ ತಳ್ಳಿಗೇ ಬಿದ್ದವು. ಮೇಲಿನವರು ಜಗಳಾಡಿದಾಗ ಬಡ ಪಾಲಿಕೆ ಮೊದಲು ಸಾಯುತ್ತದೆ ಎಂಬುದೇ ದೆಹಲಿಯ ಪಾಠ.

ಕೊನೆಗೆ 2022ರಲ್ಲಿ ಸಂಸತ್ತು ಇನ್ನೊಂದು ತಿದ್ದುಪಡಿ ತಂದು ಮೂರನ್ನೂ ಮತ್ತೆ ಒಂದು ಮಾಡಿತು. ಮೇ 22ರಿಂದ ಅದು ಜಾರಿಗೆ ಬಂತು. ಏಪ್ರಿಲ್‌ನಲ್ಲಿ ಆಗಬೇಕಿದ್ದ ಚುನಾವಣೆ ಡಿಸೆಂಬರ್‌ಗೆ ಹೋಯಿತು, ವಾರ್ಡ್‌ಗಳು 250ಕ್ಕೆ ಇಳಿದವು. ಜತೆಗೆ ಅದೇ ತಿದ್ದುಪಡಿಯಲ್ಲಿ ದೆಹಲಿ ಸರ್ಕಾರದ ಕೈಯಲ್ಲಿದ್ದ ಹಲವು ಅಧಿಕಾರಗಳು ಕೇಂದ್ರ ಸರ್ಕಾರಕ್ಕೆ ಹೋದವು. ಅಂದರೆ ಒಡೆದಾಗಲೂ ವಾರ್ಡಿಗೆ ಅಧಿಕಾರ ಬರಲಿಲ್ಲ, ಕೂಡಿಸಿದಾಗಲೂ ಬರಲಿಲ್ಲ.

ಧಾರವಾಡದ ಲೆಕ್ಕ

ಈಗ ಧಾರವಾಡಕ್ಕೆ ಬರೋಣ. ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಸುಮಾರು 20 ಕಿಲೋಮೀಟರ್. ಎರಡೂ ಊರುಗಳಿಗೆ ಹತ್ತೊಂಬತ್ತನೆಯ ಶತಮಾನದ ನಡುವಿನಿಂದಲೇ ಬೇರೆ ಬೇರೆ ಪುರಸಭೆಗಳಿದ್ದವು. 1962ರಲ್ಲಿ ಎರಡನ್ನೂ ಸೇರಿಸಿ ಒಂದು ಪಾಲಿಕೆ ಮಾಡಿದರು. ಆಗಿನಿಂದ ಧಾರವಾಡದವರ ದೂರು ಹೆಚ್ಚುಕಡಿಮೆ ಒಂದೇ: ಜಿಲ್ಲಾ ಕೇಂದ್ರ ಎಂಬ ಹೆಸರು ನಮಗೆ, ದುಡ್ಡು ಹುಬ್ಬಳ್ಳಿಗೆ. ಪಾಲಿಕೆಯ ಮುಖ್ಯ ಕಚೇರಿ ಹುಬ್ಬಳ್ಳಿಯಲ್ಲಿ. ಸ್ಮಾರ್ಟ್ ಸಿಟಿ ಯೋಜನೆ ಬಂದಾಗಲೂ ಹೆಸರು ಅವಳಿ ನಗರದ್ದು, ಕಾಮಗಾರಿ ಹುಬ್ಬಳ್ಳಿಯದು ಎಂದು ಧಾರವಾಡ ಸಿಡಿಮಿಡಿಗೊಂಡಿತು. 82 ಸದಸ್ಯರ ಸಭೆಯಲ್ಲಿ 56 ಮಂದಿ ಹುಬ್ಬಳ್ಳಿಯವರು, 26 ಮಂದಿ ಧಾರವಾಡದವರು ಎಂದರೆ ಕೈ ಎತ್ತುವ ಪ್ರಶ್ನೆ ಬಂದಾಗಲೆಲ್ಲ ಫಲಿತಾಂಶ ಮೊದಲೇ ಗೊತ್ತು. ಈ ನೋವು ನಿಜವಾದದ್ದು, ಅದನ್ನು ಪ್ರಾದೇಶಿಕ ಹಟ ಎಂದು ಯಾರೂ ಹಗುರ ಮಾಡಬಾರದು.

ಆದರೆ ಬೇಡಿಕೆಯ ಜತೆ ಬರುವ ವಾದಗಳನ್ನು ಒಂದೊಂದಾಗಿ ತೂಗಿ ನೋಡಬೇಕು.

ಮೊದಲನೆಯ ವಾದ, ಆಡಳಿತ ಹತ್ತಿರ ಬರುತ್ತದೆ ಎಂಬುದು. 2011ರ ಜನಗಣತಿಯಲ್ಲಿ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ 9.43 ಲಕ್ಷ. 82 ವಾರ್ಡ್‌ಗಳಿಗೆ ಹಂಚಿದರೆ ಒಬ್ಬ ಕಾರ್ಪೊರೇಟರ್‌ಗೆ ಸುಮಾರು 11,500 ಜನ. ಅದೇ ಜನಗಣತಿಯ ಪ್ರಕಾರ 84 ಲಕ್ಷ ಮೀರಿದ್ದ ಬೆಂಗಳೂರಿಗೆ ಆಗ 198 ವಾರ್ಡ್ ಇದ್ದವು, ಅಂದರೆ ಒಬ್ಬರಿಗೆ 42,000ಕ್ಕೂ ಹೆಚ್ಚು ಜನ. ಆ ಬೆಂಗಳೂರಿಗೆ ಹೋಲಿಸಿದರೆ ಧಾರವಾಡದ ಕಾರ್ಪೊರೇಟರ್ ಸುಮಾರು ನಾಲ್ಕು ಪಟ್ಟು ಹತ್ತಿರ ಇದ್ದರು. ಹತ್ತಿರ-ದೂರವನ್ನು ತೀರ್ಮಾನಿಸುವುದು ವಾರ್ಡ್‌ಗಳ ಸಂಖ್ಯೆ, ಪಾಲಿಕೆಗಳ ಸಂಖ್ಯೆ ಅಲ್ಲ. ಪಾಲಿಕೆ ಒಡೆದರೆ ಹತ್ತಿರ ಬರುವುದು ಕಮಿಷನರ್ ಕಚೇರಿ. ಅದೂ ಬೇಕಾದದ್ದೇ. ಆದರೆ ಧಾರವಾಡದಲ್ಲಿ ಪೂರ್ಣಾಧಿಕಾರದ ಒಂದು ವಲಯ ಕಚೇರಿ ಇಟ್ಟು, ಬಜೆಟ್ಟಿನ ಇಂತಿಷ್ಟು ಪಾಲು ಧಾರವಾಡಕ್ಕೇ ಎಂದು ಬರೆದುಕೊಟ್ಟಿದ್ದರೆ ಅರವತ್ತು ವರ್ಷದ ದೂರಿನ ಅರ್ಧ ಎಂದೋ ಇಳಿಯುತ್ತಿತ್ತು. ಅದನ್ನು ಮಾಡದೆ ಇದ್ದದ್ದೇ ಈ ಬೇಡಿಕೆ ಇಲ್ಲಿಗೆ ಮುಟ್ಟಲು ಕಾರಣ.

ಎರಡನೆಯದು ದುಡ್ಡಿನ ವಾದ. ಬೇರೆ ಪಾಲಿಕೆಯಾದರೆ ಧಾರವಾಡದ ತೆರಿಗೆ ಧಾರವಾಡಕ್ಕೇ ಎನ್ನುತ್ತಾರೆ. ಎಷ್ಟು ತೆರಿಗೆ? ಕರ್ನಾಟಕದಲ್ಲಿ ಆಕ್ಟ್ರಾಯ್ 1979ರಲ್ಲೇ ಹೋಯಿತು. ಅಂದಿನಿಂದ ಪಾಲಿಕೆಯ ಸ್ವಂತ ಗಳಿಕೆ ಎಂದರೆ ಮುಖ್ಯವಾಗಿ ಆಸ್ತಿ ತೆರಿಗೆ. ಅಂಗಡಿ, ಗೋದಾಮು, ಹೋಟೆಲ್, ಮಾರುಕಟ್ಟೆಗಳ ಸಾಲು ಇರುವುದು ಹುಬ್ಬಳ್ಳಿಯಲ್ಲಿ. ಧಾರವಾಡದ ಹೆಮ್ಮೆ ಬೇರೆ ಬಗೆಯದು: ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಹಳೆಯ ಕಾಲೇಜುಗಳು, ಜಿಲ್ಲಾಧಿಕಾರಿ ಕಚೇರಿ, ನ್ಯಾಯಾಲಯಗಳು. ಸರ್ಕಾರಿ ಕಟ್ಟಡಗಳಿಗೂ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳ ಕಟ್ಟಡಗಳಿಗೂ ಆಸ್ತಿ ತೆರಿಗೆಯಿಂದ ಬಹುಮಟ್ಟಿಗೆ ವಿನಾಯಿತಿ ಇದೆ. ಊರಿಗೆ ಹೆಸರು ತಂದುಕೊಟ್ಟ ಎಕರೆಗಟ್ಟಲೆ ಆವರಣಗಳು ಪಾಲಿಕೆಯ ಗಲ್ಲಾಪೆಟ್ಟಿಗೆಗೆ ಹಾಕುವುದು ಅಲ್ಪಸ್ವಲ್ಪ. ಅವುಗಳ ಸುತ್ತಲಿನ ರಸ್ತೆ, ದೀಪ, ಚರಂಡಿ ಮಾತ್ರ ಪಾಲಿಕೆಯದೇ ಜವಾಬ್ದಾರಿ. ಹುಬ್ಬಳ್ಳಿಯಲ್ಲೂ ರೈಲ್ವೆಯ ದೊಡ್ಡ ಜಾಗ ಇದೆ ನಿಜ, ಆದರೆ ಅದರ ಪಕ್ಕದಲ್ಲೇ ವ್ಯಾಪಾರದ ಊರೂ ಇದೆ.

ಕರ್ನಾಟಕದ ಕಾನೂನಿನಂತೆ ಮಹಾನಗರ ಪಾಲಿಕೆಯಾಗಲು ಕನಿಷ್ಠ 3 ಲಕ್ಷ ಜನ ಬೇಕು. 2011ರ ಲೆಕ್ಕ ಹಿಡಿದು ವಾರ್ಡ್‌ಗಳನ್ನು ಸರಿಸಮ ಎಂದುಕೊಂಡರೆ 26 ವಾರ್ಡ್‌ಗಳಿಗೆ ಹತ್ತಿರ ಹತ್ತಿರ ಅಷ್ಟೇ ಆಗುತ್ತದೆ. ಆಮೇಲೆ ಊರು ಬೆಳೆದಿದೆ, ಹಾಗಾಗಿ ಕಾನೂನಿನ ತೊಡಕು ಇರಲಾರದು. ಆದರೆ ಹೊಸಿಲು ದಾಟುವುದು ಬೇರೆ, ಸಂಸಾರ ನಡೆಸುವುದು ಬೇರೆ. ಹೊಸ ಪಾಲಿಕೆಗೆ ಒಬ್ಬ ಕಮಿಷನರ್, ಅವರ ಕೆಳಗೆ ಕಂದಾಯ, ಆರೋಗ್ಯ, ಎಂಜಿನಿಯರಿಂಗ್, ಲೆಕ್ಕಪತ್ರ ವಿಭಾಗಗಳ ಮುಖ್ಯಸ್ಥರು, ಕಟ್ಟಡ, ವಾಹನ ಎಲ್ಲ ಬೇಕು. ಈ ಖರ್ಚು ಊರಿನ ಗಾತ್ರ ನೋಡಿ ಬರುವುದಿಲ್ಲ.

ಮೂರನೆಯದು, ಬೇರೆ ಮಾಡಲಾಗದ ಸಂಗತಿಗಳು. ಎರಡೂ ಊರುಗಳ ಕುಡಿಯುವ ನೀರು ಮುಖ್ಯವಾಗಿ ಬರುವುದು ಸವದತ್ತಿಯ ಬಳಿಯ ಮಲಪ್ರಭಾ ಜಲಾಶಯದಿಂದ. ಹುಬ್ಬಳ್ಳಿಗೆ ಜತೆಗೆ ನೀರಸಾಗರ ಇದೆ. ಬೇಸಿಗೆಯಲ್ಲಿ ನೀರು ಕಡಿಮೆಯಾದಾಗ ಯಾವ ಊರಿಗೆ ಎಷ್ಟು ಎಂಬುದನ್ನು ಈ ತನಕ ಒಂದೇ ಮನೆಯೊಳಗೆ ಜಗಳವಾಡಿ ಇತ್ಯರ್ಥ ಮಾಡಿಕೊಳ್ಳುತ್ತಿದ್ದರು. ಮುಂದೆ ಅದು ಎರಡು ಪಾಲಿಕೆಗಳ ನಡುವಿನ ವ್ಯಾಜ್ಯ. ಧಾರವಾಡದ ಕಸ ಹೊಸಯಲ್ಲಾಪುರಕ್ಕೆ, ಹುಬ್ಬಳ್ಳಿಯದು ಕಾರವಾರ ರಸ್ತೆಯ ಕಡೆಗೆ ಹೋಗುತ್ತಿದ್ದುದರಿಂದ ಅದೊಂದು ಈಗಾಗಲೇ ಪಾಲಾಗಿದೆ ಎನ್ನಬಹುದು. ಆದರೆ ನಡುವಿನ ನವನಗರ, ರಾಯಾಪುರ, ಸತ್ತೂರಿನ ಪಟ್ಟಿ ಹುಟ್ಟಿದ್ದೇ ಎರಡು ಊರುಗಳು ಒಂದು ಎಂಬ ನಂಬಿಕೆಯ ಮೇಲೆ. ಪೊಲೀಸ್ ಕಮಿಷನರ್ ಕಚೇರಿ, ನಗರಾಭಿವೃದ್ಧಿ ಪ್ರಾಧಿಕಾರ ಇರುವುದು ಅಲ್ಲಿ. ಚಿಗರಿ ಬಸ್ಸು ಓಡುವುದು ಅದೇ ರಸ್ತೆಯಲ್ಲಿ. ಅಲ್ಲಿ ಮನೆ ಕಟ್ಟಿದವರು ಮಕ್ಕಳನ್ನು ಒಂದು ಊರಿಗೆ ಓದಲು ಕಳಿಸಿ, ತಾವು ಇನ್ನೊಂದು ಊರಿಗೆ ದುಡಿಯಲು ಹೋಗುತ್ತಾರೆ.

ನಾಲ್ಕನೆಯದನ್ನು ಯಾರೂ ಭಾಷಣದಲ್ಲಿ ಎತ್ತುವುದಿಲ್ಲ. ಗುತ್ತಿಗೆದಾರರಿಗೆ ಕೊಡಬೇಕಾದ ಬಾಕಿ, ನಿವೃತ್ತ ನೌಕರರ ಪಿಂಚಣಿ, ಕೋರ್ಟಿನಲ್ಲಿರುವ ಭೂಮಿ ಪರಿಹಾರದ ಪ್ರಕರಣಗಳು, ಇವೆಲ್ಲ ಯಾರ ತಲೆಗೆ? 1990ರಲ್ಲಿ ಧಾರವಾಡದ ಓಣಿ ಗುಡಿಸಿ ಹುಬ್ಬಳ್ಳಿಯ ಕಚೇರಿಯಿಂದ ನಿವೃತ್ತರಾದವರ ಪಿಂಚಣಿ ಯಾವ ಪಾಲಿಕೆಯದು? ದೆಹಲಿಯಲ್ಲಿ ಪೌರಕಾರ್ಮಿಕರು ಬೀದಿಗಿಳಿದದ್ದು ಇಂಥ ಪ್ರಶ್ನೆಗಳಿಗೆ ಯಾರೂ ಸಮಯಕ್ಕೆ ಉತ್ತರ ಕೊಡದೆ ಹೋದದ್ದಕ್ಕೆ.

ಗೆರೆ ಬದಲಾದಾಗಲೆಲ್ಲ ಚುನಾವಣೆ ತಡ

ಬೆಂಗಳೂರಿನ ಕಥೆ ಧಾರವಾಡಕ್ಕೆ ಇನ್ನೊಂದು ಪಾಠ ಹೇಳುತ್ತದೆ. 2007ರಲ್ಲಿ 100 ವಾರ್ಡ್‌ಗಳ ಹಳೆಯ ಪಾಲಿಕೆಗೆ ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿ, ಮಹದೇವಪುರ, ಕೆ.ಆರ್. ಪುರ, ಬೊಮ್ಮನಹಳ್ಳಿ, ರಾಜರಾಜೇಶ್ವರಿನಗರ ಎಂಬ ಏಳು ನಗರಸಭೆಗಳನ್ನೂ ಕೆಂಗೇರಿ ಪುರಸಭೆಯನ್ನೂ ನೂರಕ್ಕೂ ಹೆಚ್ಚು ಹಳ್ಳಿಗಳನ್ನೂ ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮಾಡಿದರು. ದೊಡ್ಡದಾದರೆ ಯೋಜನೆ ಸುಲಭ ಎಂಬುದು ಆಗಿನ ವಾದ. ಹೊಸ ಪಾಲಿಕೆಗೆ ಚುನಾವಣೆ ಆದದ್ದು 2010ರ ಮಾರ್ಚ್‌ನಲ್ಲಿ. ಮೂರು ವರ್ಷ ಆಡಳಿತಾಧಿಕಾರಿಗಳ ರಾಜ್ಯ. ಮುಂದೆ 2020ರ ಸೆಪ್ಟೆಂಬರ್‌ನಲ್ಲಿ ಕೌನ್ಸಿಲ್ ಅವಧಿ ಮುಗಿಯಿತು. ವಾರ್ಡ್ ಎಷ್ಟಿರಬೇಕು, ಮೀಸಲಾತಿ ಹೇಗೆ, ಪಾಲಿಕೆ ಒಂದೋ ಹಲವೋ ಎಂಬ ಚರ್ಚೆಯಲ್ಲಿ ಐದು ವರ್ಷ ಕಳೆಯಿತು. 2025ರ ಸೆಪ್ಟೆಂಬರ್‌ನಲ್ಲಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ಪಾಲಿಕೆಗಳು ಬಂದ ದಿನ ಅವುಗಳಲ್ಲಿ ಒಬ್ಬನೇ ಒಬ್ಬ ಚುನಾಯಿತ ಕಾರ್ಪೊರೇಟರ್ ಇರಲಿಲ್ಲ. ಕೂಡಿಸಿದಾಗಲೂ ಚುನಾವಣೆ ತಡ, ಒಡೆದಾಗಲೂ ತಡ.

ಹುಬ್ಬಳ್ಳಿ-ಧಾರವಾಡವೂ ಇದನ್ನು ಅನುಭವಿಸಿದೆ. 2019ರಲ್ಲಿ ಕೌನ್ಸಿಲ್ ಅವಧಿ ಮುಗಿದ ಮೇಲೆ ವಾರ್ಡ್‌ಗಳನ್ನು 67ರಿಂದ 82ಕ್ಕೆ ಏರಿಸುವ ಮರುವಿಂಗಡಣೆ, ಮೀಸಲಾತಿಯ ತಕರಾರು ಎಂದು ಚುನಾವಣೆ 2021ರ ಸೆಪ್ಟೆಂಬರ್‌ಗೆ ಬಂತು. ಗೆದ್ದವರು ಮೇಯರ್ ಆಯ್ಕೆಗಾಗಿ 2022ರ ಮೇ ತನಕ ಕಾದರು. ವಾರ್ಡ್‌ಗಳ ಗೆರೆ ಬದಲಾದಾಗಲೇ ಇಷ್ಟು ತಡವಾದರೆ ಪಾಲಿಕೆಯ ಗೆರೆಯೇ ಬದಲಾದಾಗ ಏನಾಗಬಹುದು?

ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಯಲ್ಲಿದೆ. ಐದು ವರ್ಷದ ಅವಧಿ ಮುಗಿಯುವ ಮೊದಲೇ ಹೊಸ ಚುನಾವಣೆ ಆಗಬೇಕೆಂದು ಅದು ಹೇಳುತ್ತದೆ. ವಾರ್ಡ್ ಮರುವಿಂಗಡಣೆಯ ನೆಪ ಸಲ್ಲದು ಎಂದು 2022ರಲ್ಲಿ ಮಧ್ಯಪ್ರದೇಶದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಆದರೂ ಗೆರೆ ಬದಲಾವಣೆ ಎಂಬುದು ಚುನಾವಣೆ ಮುಂದೂಡಲು ಸರ್ಕಾರಗಳಿಗೆ ಸಿಕ್ಕಿರುವ ಅತಿ ಸಭ್ಯವಾದ ಕಾರಣ. ಪಕ್ಷ ಯಾವುದೇ ಇರಲಿ. ಕಾರ್ಪೊರೇಟರ್ ಇಲ್ಲದ ಊರಿನಲ್ಲಿ ಎಲ್ಲ ಕಡತಗಳೂ ರಾಜಧಾನಿಯ ಕಡೆಗೇ ಹೋಗುತ್ತವೆ.

ಬೆಂಗಳೂರಿನಲ್ಲಿ ಐದು ಪಾಲಿಕೆಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಎಂಬ ಸಂಸ್ಥೆ ಇದೆ, ಅದರ ಅಧ್ಯಕ್ಷರು ಮುಖ್ಯಮಂತ್ರಿ. ಐದು ಊರುಗಳಿಗೆ ಸೇರಿದ ಕೆಲಸಗಳನ್ನು ಹೊಂದಿಸಲು ಒಂದು ಮೇಲಿನ ಸಂಸ್ಥೆ ಬೇಕೆಂಬುದು ನಿಜ. ಆದರೆ ಅದರ ತಲೆಯ ಮೇಲೆ ಮುಖ್ಯಮಂತ್ರಿಯೇ ಕೂತರೆ ಐವರು ಮೇಯರ್‌ಗಳು ಹೊತ್ತೊಯ್ಯುವ ಅರ್ಜಿಗಳ ಸಂಖ್ಯೆ ಐದಾಗುತ್ತದೆ, ಅಷ್ಟೇ. ದುಡ್ಡಿನ ಪ್ರಶ್ನೆಯೂ ಇಲ್ಲಿ ಮತ್ತೆ ಬರುತ್ತದೆ. ಮಹದೇವಪುರ, ಕೆ.ಆರ್. ಪುರಗಳ ಐಟಿ ಕಚೇರಿಗಳ ಸಾಲೆಲ್ಲ ಪೂರ್ವ ಪಾಲಿಕೆಗೆ ಹೋಗಿದೆ. ಹಳೆಯ, ಕಿಕ್ಕಿರಿದ ಬಡಾವಣೆಗಳು ಇರುವ ಪಾಲಿಕೆಗಳಿಗೆ ಸರಿದೂಗಿಸುವವರು ಯಾರು? ವರ್ಷವರ್ಷವೂ ಸರ್ಕಾರದ ಮನಸ್ಸಿನ ಮೇಲೆ ಬಿಟ್ಟರೆ ಅದು ದೆಹಲಿಯ ದಾರಿ.

ಹೊರಗೆ ಹೋಗಲು ಬಯಸಿದವರು

ಪುಣೆಯ ಓದುಗರಿಗೆ ಫುರಸುಂಗಿ, ಉರುಳಿ ದೇವಾಚಿ ಹೆಸರುಗಳು ಕಸದ ಡಿಪೊದಿಂದ ಪರಿಚಿತ. ದಶಕಗಳಿಂದ ಇಡೀ ಪುಣೆಯ ಕಸ ಸುರಿದದ್ದು ಆ ಊರುಗಳ ಮಗ್ಗುಲಲ್ಲಿ. 2017ರಲ್ಲಿ ಅವನ್ನು ಪಾಲಿಕೆಯೊಳಗೆ ಸೇರಿಸಿಕೊಂಡರು. ತೆರಿಗೆಯ ನೋಟಿಸು ನಗರದ ದರದಲ್ಲಿ ಬಂತು, ನೀರು ಟ್ಯಾಂಕರ್‌ನಲ್ಲೇ ಬಂತು. ಏಳು ವರ್ಷ ನೋಡಿ ಅವರು ಹೊರಗೆ ಹೋಗುತ್ತೇವೆ ಎಂದರೆ ತಪ್ಪೆನ್ನಲಾಗದು. ಡೊಂಬಿವಲಿಯ ಕನ್ನಡಿಗರು ಕಂಡದ್ದು ಇನ್ನೂ ವಿಚಿತ್ರ. ಕಲ್ಯಾಣ್-ಡೊಂಬಿವಲಿ ಪಾಲಿಕೆಯ 27 ಹಳ್ಳಿಗಳು 1983ರಲ್ಲಿ ಒಳಗೆ, 2002ರಲ್ಲಿ ಹೊರಗೆ, 2015ರಲ್ಲಿ ಮತ್ತೆ ಒಳಗೆ. 2020ರಲ್ಲಿ ಅವುಗಳಲ್ಲಿ 18ನ್ನು ಬೇರ್ಪಡಿಸುವ ಆದೇಶ ಬಂತು, ಅದನ್ನು ಬಾಂಬೆ ಹೈಕೋರ್ಟ್ ರದ್ದು ಮಾಡಿತು. ಸುಮಾರು ನಲವತ್ತು ವರ್ಷ ಈ ಹಳ್ಳಿಗಳ ಜನ ತಮ್ಮ ಚರಂಡಿಗೆ ಯಾರನ್ನು ಕೇಳಬೇಕೆಂದು ತಿಳಿಯದೆ ಓಡಾಡಿದ್ದಾರೆ.

ಇವೆರಡೂ ನನಗೆ ಹೇಳುವುದು ಇದು: ಜನ ಪಾಲಿಕೆಯಿಂದ ಹೊರಗೆ ಹೋಗಲು ಬಯಸುವುದು ಗೆರೆಯ ಮೇಲಿನ ಪ್ರೀತಿಯಿಂದಲ್ಲ. ಕೊಟ್ಟ ತೆರಿಗೆಗೆ ಕೆಲಸ ಆಗಿಲ್ಲ, ಸಭೆಯಲ್ಲಿ ತಮ್ಮ ಮಾತು ನಡೆಯುವುದಿಲ್ಲ ಎಂಬ ಕಾರಣಕ್ಕೆ. ಹೊಸ ಗೆರೆಯ ಒಳಗೂ ಇವೆರಡೂ ಸಿಗದಿದ್ದರೆ ಮುಂದೆ ಇನ್ನೊಂದು ಗೆರೆಯ ಬೇಡಿಕೆ ಏಳುತ್ತದೆ.

ಕೇಳಬೇಕಾದ ನಾಲ್ಕು

'ಮೊದಲು ಪಾಲಿಕೆ ಬರಲಿ, ಉಳಿದದ್ದು ಆಮೇಲೆ ನೋಡಿಕೊಳ್ಳೋಣ' ಎನ್ನುವವರು ಧಾರವಾಡದಲ್ಲಿ ಇದ್ದಾರೆ. ಅರವತ್ತು ವರ್ಷ ಕಾದವರ ಅವಸರ ಅರ್ಥವಾಗುತ್ತದೆ. ಆದರೆ ವಾಟ್ನಿ ಪತ್ರಕ್ಕೆ ಸಹಿ ಬಿದ್ದ ಮೇಲೆ ಪಾಲು ಕಡಿಮೆಯಾಯಿತು ಎಂದರೆ ಯಾರೂ ಕೇಳುವುದಿಲ್ಲ. ಚೌಕಾಸಿಗೆ ಬೆಲೆ ಇರುವುದು ಸಹಿಗೆ ಮೊದಲು. ಆದ್ದರಿಂದ ಕೊನೆಯ ಅಧಿಸೂಚನೆಗೆ ಮುಂಚೆ ನಾಲ್ಕನ್ನು ಕೇಳಿ ಪಡೆಯಬೇಕು.

ಒಂದು, ಪಾಲುಪಟ್ಟಿ. ಯಾವ ವಾರ್ಡಿನಿಂದ ಎಷ್ಟು ತೆರಿಗೆ ಬರುತ್ತದೆ, ಯಾವ ಜಾಗ, ಕಟ್ಟಡ, ವಾಹನ ಯಾರಿಗೆ, ಎಷ್ಟು ನೌಕರರು ಎಲ್ಲಿಗೆ, ಪಿಂಚಣಿ ಮತ್ತು ಬಾಕಿ ಬಿಲ್ಲು ಎಷ್ಟು, ಎಲ್ಲವನ್ನೂ ಕನ್ನಡದಲ್ಲಿ ಮುದ್ರಿಸಿ ಜನರ ಮುಂದಿಡಬೇಕು. ಗಡಿಯ ಬಗ್ಗೆ ಆಕ್ಷೇಪಣೆ ಕರೆಯುವಂತೆ ಈ ಪಟ್ಟಿಗೂ ಆಕ್ಷೇಪಣೆ ಕರೆಯಬೇಕು.

ಎರಡು, ಸರಿದೂಗಿಸುವ ಹಣ. ಆದಾಯ ಕಡಿಮೆಯಿರುವ ಪಾಲಿಕೆಗೆ ಮೊದಲ ಹತ್ತು ವರ್ಷ ಇಂತಿಷ್ಟು ಎಂದು ಕಾನೂನಿನಲ್ಲೇ ಬರೆಯಬೇಕು. ಇದಕ್ಕೆ ದಾರಿಯೂ ಇದೆ. ಸ್ಥಳೀಯ ಸಂಸ್ಥೆಗಳಿಗೆ ಹಣ ಹಂಚುವ ಬಗೆಯನ್ನು ಹೇಳಲು ಸಂವಿಧಾನವೇ ರಾಜ್ಯ ಹಣಕಾಸು ಆಯೋಗವನ್ನು ಇಟ್ಟಿದೆ. ಒಡೆದ ಪಾಲಿಕೆಗಳ ಲೆಕ್ಕವನ್ನು ಅದಕ್ಕೆ ವಹಿಸಬೇಕು. ಜತೆಗೆ ವಿಶ್ವವಿದ್ಯಾಲಯ, ಕಚೇರಿಗಳ ವಿನಾಯಿತಿಯಿಂದ ಆಗುವ ನಷ್ಟವನ್ನು ಸರ್ಕಾರ ತುಂಬಿಕೊಡಬೇಕು. ಜಿಲ್ಲಾ ಕೇಂದ್ರ ಎಂಬ ಗೌರವದ ಖರ್ಚನ್ನು ಧಾರವಾಡದ ಮನೆಮಾಲೀಕರೇ ಏಕೆ ಹೊರಬೇಕು?

ಮೂರು, ನೀರು, ಕಸ, ಬಸ್ಸಿಗೆ ಜಂಟಿ ಮಂಡಳಿ. ಅದರಲ್ಲಿ ಎರಡೂ ಪಾಲಿಕೆಗಳ ಚುನಾಯಿತ ಸದಸ್ಯರು ಸಮಸಂಖ್ಯೆಯಲ್ಲಿ ಇರಬೇಕು, ಅಧ್ಯಕ್ಷತೆ ಸರದಿಯಂತೆ ಬದಲಾಗಬೇಕು. ಅದು ಇನ್ನೊಂದು ಸರ್ಕಾರಿ ಪ್ರಾಧಿಕಾರ ಆಗಬಾರದು.

ನಾಲ್ಕು, ಚುನಾವಣೆಯ ದಿನಾಂಕ. ಹೊಸ ಪಾಲಿಕೆ ಜಾರಿಗೆ ಬರುವ ದಿನ ಮತ್ತು ಅದರ ಕೌನ್ಸಿಲ್ ಕೂರುವ ದಿನ ಒಂದೇ ಅಧಿಸೂಚನೆಯಲ್ಲಿ ಇರಬೇಕು. ಆಡಳಿತಾಧಿಕಾರಿಯ ಕೈಗೆ ಒಪ್ಪಿಸಿ ಆಮೇಲೆ ನೋಡೋಣ ಎನ್ನುವುದಾದರೆ, ಅಲ್ಲಿಯ ತನಕ ಹಳೆಯ ಪಾಲಿಕೆಯೇ ಇರಲಿ.

ಇವು ದೊಡ್ಡ ಬೇಡಿಕೆಗಳೇನಲ್ಲ. ಮಧ್ಯಮ ವರ್ಗದ ಯಾವುದೇ ಮನೆಯ ಅಣ್ಣತಮ್ಮಂದಿರು ವಕೀಲರ ಮುಂದೆ ಕೂತು ಬರೆಸಿಕೊಳ್ಳುವಷ್ಟೇ. ದೆಹಲಿ ಇವನ್ನು ಬರೆಸಿಕೊಳ್ಳದೆ ಒಡೆಯಿತು, ಹತ್ತು ವರ್ಷ ಸಂಬಳವಿಲ್ಲದವರ ಮೇಲೆ ಅದರ ಬೆಲೆ ಹೇರಿತು, ಮತ್ತೆ ಕೂಡಿಸಿತು. ಪಾಲಿಕೆ ಒಡೆದರೆ ಮೇಯರ್‌ಗೆ ಹೊಸ ಕುರ್ಚಿ ಸಿಗುತ್ತದೆ, ಅಧಿಕಾರಿಗೆ ಹೊಸ ಹುದ್ದೆ ಸಿಗುತ್ತದೆ. ಓಣಿ ಗುಡಿಸುವವರಿಗೆ ಸಿಗಬೇಕಾದದ್ದು ತಿಂಗಳ ಮೊದಲ ವಾರದ ಸಂಬಳ, ಮನೆಯವರಿಗೆ ನಲ್ಲಿಯಲ್ಲಿ ನೀರು. ಧಾರವಾಡದ ಹೊಸ ಪಾಲಿಕೆ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ತೀರ್ಮಾನಿಸುವುದು ಈ ಎರಡು. ಆ ಊರಿನವರು, ಆ ಊರು ಬಿಟ್ಟು ಬೇರೆಡೆ ಇರುವ ನಮ್ಮಂಥವರು, ಪಾಲಿಕೆ ಯಾವಾಗ ಎಂದು ಕೇಳುವುದರ ಜತೆಗೆ ಪಾಲುಪಟ್ಟಿ ಎಲ್ಲಿ ಎಂದೂ ಈಗಲೇ ಕೇಳಬೇಕು.